ಖಾಲಿ ತೂಕ

ದಾವಣಗೆರೆಗೆ ಬೆಟ್ಟವಿರಲಿಲ್ಲ.
ದುರ್ಗದ ಕಡೆಯ ನೆಂಟರು ಬಂದಾಗಲೆಲ್ಲ
ಅದನ್ನೇ ಎತ್ತಿ ಆಡುತ್ತಿದ್ದರು.
ಈಗ ಇದೆ.
ಊರಾಚೆ, ಮೆಕ್ಕೆಜೋಳದ ಹೊಲಗಳ ಅಂಚಿಗೆ,
ನಾವೇ ಪೇರಿಸಿದ್ದು,
ಮನೆಗೊಂದು ಚೀಲದಂತೆ, ದಿನಾ.

ಅದರ ಬುಡದಲ್ಲಿ ನನ್ನ ತಗಡಿನ ಕೋಣೆ.
ಎದುರಿಗೆ ನೆಲಕ್ಕೆ ಹಾಸಿದ ಕಬ್ಬಿಣದ ಸೇತುವೆ,
ಹೊಳೆಯಿಲ್ಲ, ದಡವಿಲ್ಲ.
ಗಾಡಿ ಹತ್ತಿ ನಿಂತರೆ ಕೆಂಪು ಅಂಕಿ ನಡುಗುತ್ತದೆ,
ನಿಲ್ಲುತ್ತದೆ, ಬರೆಯುತ್ತೇನೆ.
ಒಳಗೆ ಹೋಗುವಾಗ ತುಂಬಿದ ತೂಕ,
ಹೊರಗೆ ಬರುವಾಗ ಖಾಲಿ ತೂಕ.
ಕಳೆದರೆ ಉಳಿಯುವುದು
ಊರು.

ಯಾವ ವಾರ್ಡಿನ ಗಾಡಿಯೆಂದು
ಚೀಟಿ ನೋಡದೆ ಹೇಳಬಲ್ಲೆ.
ಕಮಟು ಬೆಣ್ಣೆ, ಹಳಸಿದ ಕಾಯಿಚಟ್ನಿ: ಹೋಟೆಲುಗಳ ಬೀದಿ.
ಮಂಡಕ್ಕಿ ಭಟ್ಟಿಗಳ ಕಡೆಯದು ಬೂದಿ, ಕರಿಮರಳು,
ಗಾಡಿ ಅರ್ಧ ತುಂಬಿದರೂ ಏದುಸಿರು.
ಹೊಸ ಬಡಾವಣೆಯದು ಎತ್ತರ, ಆದರೆ ಹಗುರ,
ರಟ್ಟು, ಥರ್ಮೊಕೋಲು, ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕು.
ಬಡವರ ಕಸ ಬೂದಿ, ಉಳ್ಳವರ ಕಸ ಗಾಳಿ
ಎಂದು ಲೆಡ್ಜರಿನ ಹಿಂದೆ ಗೀಚಿ
ಒಮ್ಮೆ ಸೂಪರ್‌ವೈಸರ್ ಕೈಲಿ ಬೈಸಿಕೊಂಡಿದ್ದೇನೆ.

ದಾದಾಪೀರನ ಗಾಡಿ ಮಾತ್ರ
ಎಂದೂ ಒಂದೇ ಖಾಲಿ ತೂಕಕ್ಕೆ ಬಂದದ್ದಿಲ್ಲ.
‘ಹತ್ತು ಕೆಜಿ ಜಾಸ್ತಿ ಐತಲ್ಲ ಮಾಮಾ?’
‘ಗಾಲಿಗೆ ಮಣ್ಣು ಮೆತ್ತೈತೆ ಬಿಡವ್ವ, ಬರ್ಕ.’
ಸೀಟಿನ ಹಿಂದೆ ಆ ಮಣ್ಣಿಗೆ
ಮೂರು ಗಾಲಿ ಸೈಕಲ್ಲಿನ ಹ್ಯಾಂಡಲ್ಲು ಮೂಡಿರುತ್ತದೆ.
ಬರ್ಕೊಂಡೆ: ಮಣ್ಣು.

ಹೋದ ಕಾರ್ತಿಕದಲ್ಲಿ ಜರಡಿಯಂತ್ರ ಬಂತು.
ಬೆಟ್ಟ ಕರಗಿಸುತ್ತಾರಂತೆ, ಎರಡು ವರ್ಷ, ಆಮೇಲೆ ಪಾರ್ಕು.
ಬೋರ್ಡಿನ ಮೇಲೆ ಆಗಲೇ ಹುಲ್ಲು ಬಂದಿದೆ,
ಬೆಂಚು, ಜಾರುಬಂಡೆ, ಕೆಂಪು ಫ್ರಾಕಿನ ಒಂದು ಮಗು.
ಅಗೆದಂತೆ ಕಾಲ ಹಿಂದಕ್ಕೆ ಜರುಗಿತು:
ನೀಲಿ ಮಾಸ್ಕುಗಳ ಅಡಿ ದಪ್ಪದ ಒಂದು ವರ್ಷ,
ಅದರ ಕೆಳಗೆ ಕರುಳಿನಂತೆ ಕ್ಯಾಸೆಟ್ಟಿನ ರೀಲು,
ಮುಚ್ಚಿದ ಮಿಲ್ಲಿನ ಲಾಳಿಯೊಂದು, ನೂಲು ಇನ್ನೂ ಸುತ್ತಿಕೊಂಡೇ.
ಎಲ್ಲ ಪದರಗಳಲ್ಲೂ ಚಮಚ.
ಸಿಪ್ಪೆಯ ಜೊತೆ ಜಾರಿ ಬಂದವು, ಸಾವಿರಗಟ್ಟಲೆ,
ಒಂದೊಂದು ಮನೆಯಲ್ಲಿ ಒಂದೊಂದು ಸಂಜೆ
ಕೆಲಸದವಳ ಮೇಲೆ ಅನುಮಾನವಾಗಿ ನಿಂತವು.
ಗೋಣಿಗೆ ತುಂಬುತ್ತ ಉಚ್ಚೆಂಗಮ್ಮ ಅಂದಳು:
‘ಇದ್ರಾಗೆ ಯಾವ್ದೋ ಒಂದು ನನ್ನ ಕೆಲಸ ಬಿಡಿಸಿದ್ದು.’
ಅದನ್ನು ಹುಡುಕಲಿಲ್ಲ.
ಗೋಣಿಯ ಬಾಯಿ ಹೊಲಿದಳು.

ಜರಡಿ ಹಿಡಿದ ಮಣ್ಣು ಹೊಲಗಳಿಗೆ ಹೋಗುತ್ತದೆ,
ಬಿಸಿಲಿಗೆ ಗಾಜಿನ ಚೂರು ಮಿನುಗುತ್ತದೆ.
ಪ್ಲಾಸ್ಟಿಕ್ಕು ಸಿಮೆಂಟಿನ ಕುಲುಮೆಗೆ.
ಹಳೆಯದು ಹೊರಗೆ, ಹೊಸದು ಒಳಗೆ,
ಇರುವುದು ಒಂದೇ ಸೇತುವೆ.
ಎದುರುಬದುರು ನಿಂತು ಹಾರ್ನ್ ಬಾರಿಸುತ್ತಾರೆ.
ಕೆಲವು ತಿಂಗಳು ಬೆಟ್ಟ ಸೋಲುತ್ತದೆ.
ಹಬ್ಬದ ವಾರ ನಾವು:
ಬಾಳೆಕಂದು, ಚೆಂಡುಹೂ, ತಟ್ಟೆಲೋಟದ ಗುಡ್ಡೆ.
ಪಾರ್ಕ್ ಆದಮೇಲೆ ಗಾಡಿಗಳು ಎಲ್ಲಿಗೆ ಸಾರ್ ಎಂದರೆ
ಸಾಹೇಬರು ಬೋರ್ಡಿನ ಹುಲ್ಲು ನೋಡಿದರು.

ಈ ಯಂತ್ರಕ್ಕೊಂದು ಐಬು.
ಐದು ಕೆಜಿಯ ಒಳಗಿನದು ಇದರ ಕಣ್ಣಿಗೆ ಬೀಳದು.
ಶನಿವಾರ ಮಧ್ಯಾಹ್ನ ಗಾಡಿಗಳಿಲ್ಲದ ಹೊತ್ತು
ಮನೆಯಿಂದ ತಂದ ಚೀಲ ಸೇತುವೆಯ ನಡುವೆ ಇಟ್ಟೆ.
ದಂಟಿನ ಬೇರು, ಹಾಲಿನ ಕವರು, ಚಹಾದ ಗಸಿ,
ಮಗನ ಮುರಿದ ಸ್ಕೇಲು.
ಸೊನ್ನೆ.
ನಾನೂ ಹತ್ತಿ ನಿಂತೆ. ಅರವತ್ತು.
ಚೀಲ ಬದಿಗಿಟ್ಟು ನಿಂತೆ. ಅರವತ್ತೇ.
‘ನಿಮ್ಮನೇದು ಕಸಾನೇ ಅಲ್ಲ ಬಿಡವ್ವ’
ಎಂದು ನಕ್ಕಳು ಉಚ್ಚೆಂಗಮ್ಮ.
ನಕ್ಕವಳು ಚೀಲ ಬಿಚ್ಚಿ
ನೆಲಕ್ಕೆ ಸುರುವಿ
ಗಸಿಯೊಳಗೆ ಕೈಯಾಡಿಸಿದಳು,
ಚಮಚ ಏನಾದರೂ ಬಂದಿದೆಯೋ ಎಂದು.